ಪ್ಯಾಚ್‌ನ ಅಪ್‌ಸ್ಟ್ರೀಮ್-ಸ್ಟೇಟಸ್ ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

ರೆಸಿಪಿಯ (ಒಂದು ಸಾಫ್ಟ್‌ವೇರ್ ಅನ್ನು ಹೇಗೆ ಬಿಲ್ಡ್ ಮಾಡಬೇಕು ಅಂತ ಹೇಳುವ ಫೈಲ್) ಆವೃತ್ತಿ ಏರಿಸಿ, ಬಿಲ್ಡ್ ಮಾಡುವ ಬಿಟ್‌ಬೇಕ್ ಓಡಿಸುತ್ತೀರಿ. ಕಂಪೈಲ್ ಶುರುವಾಗುವ ಮೊದಲೇ ಪ್ಯಾಚ್ ಹಂತದಲ್ಲಿ ಬಿಲ್ಡ್ ನಿಲ್ಲುತ್ತದೆ. ಎಂದೋ ಯಾರೋ ಹಾಕಿದ ಪ್ಯಾಚ್, ಅಂದರೆ ಮೂಲ ಕೋಡ್‌ಗೆ ಮಾಡಬೇಕಾದ ಬದಲಾವಣೆಯ ಫೈಲ್, ಈಗ ಕೂರುತ್ತಿಲ್ಲ. ಹಾಕಿದವರು ಕೆಲಸ ಬಿಟ್ಟು ಹೋಗಿದ್ದಾರೆ. ಫೈಲ್ ತೆರೆದರೆ ಮೇಲೆ ‘ಅಪ್‌ಸ್ಟ್ರೀಮ್-ಸ್ಟೇಟಸ್: ಪೆಂಡಿಂಗ್’ ಅಂತ ಒಂದೇ ಸಾಲು. ಅಪ್‌ಸ್ಟ್ರೀಮ್ ಅಂದರೆ ಮೂಲ ಪ್ರಾಜೆಕ್ಟ್; ಈ ಬದಲಾವಣೆ ಅಲ್ಲಿಗೆ ಹೋಗಿದೆಯಾ, ಹೋಗಿ ಏನಾಯಿತು ಅಂತ ಹೇಳಬೇಕಾದ ಸಾಲು ಇದು. ಇದನ್ನು ಬಿಸಾಡಬೇಕಾ? ತಿದ್ದಿ ಉಳಿಸಿಕೊಳ್ಳಬೇಕಾ? ಆ ಸಾಲಿನಿಂದ ಏನೂ ಗೊತ್ತಾಗುವುದಿಲ್ಲ.

ಇಂಥ ಹೊತ್ತಿನಲ್ಲಿ ಏನೇನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದು ಈ ಬರಹದ ವಿಷಯ. ಹೆಚ್ಚಿನ ಮಾತು ಯೋಕ್ಟೋ ಮತ್ತು ಓಪನ್‌ಎಂಬೆಡೆಡ್ (ಸಾಧನಗಳಿಗೆ ಬೇಕಾದ ಲಿನಕ್ಸ್ ಕಟ್ಟಲು ಬಳಸುವ ಪ್ರಾಜೆಕ್ಟ್‌ಗಳು) ಬಗ್ಗೆ, ಯಾಕೆಂದರೆ ಅಲ್ಲಿ ಪ್ರತಿ ಪ್ಯಾಚ್‌ಗೂ ಈ ಸಾಲು ಬೇಕೇ ಬೇಕು ಎಂಬ ನಿಯಮ ಇದೆ. ಡೆಬಿಯನ್ ಎಂಬ ಲಿನಕ್ಸ್ ಡಿಸ್ಟ್ರೋದಲ್ಲಿ ಇದೇ ಕೆಲಸಕ್ಕೆ ಬೇರೆ ಹೆಸರಿನ ಸಾಲುಗಳಿವೆ. ಅಲ್ಲಿ ಎಡವಿ ಬೀಳುವಂಥ ಒಂದು ಗುಂಡಿಯೂ ಇದೆ, ಅದನ್ನು ಆಮೇಲೆ ನೋಡೋಣ.

ಮೊದಲೇ ಒಂದು ಮಾತು. ಆ ಸಾಲನ್ನು ಯಾರೋ ಒಂದು ದಿನ ಬರೆದಿಟ್ಟ ಹೇಳಿಕೆ ಅಂತ ಮಾತ್ರ ಓದಿ. ಬರೆದ ದಿನ ಅದು ನಿಜವೇ ಇದ್ದಿರಬಹುದು. ಇವತ್ತು ನಿಜವಾ ಅನ್ನುವುದನ್ನು ಮೂಲ ಪ್ರಾಜೆಕ್ಟ್‌ನ ಗಿಟ್ (ಕೋಡ್ ಬದಲಾವಣೆಗಳ ಇತಿಹಾಸ) ಮಾತ್ರ ಹೇಳಬಲ್ಲದು. ಅಲ್ಲಿ ನೋಡಿ ಬರುವವರೆಗೆ ಪ್ಯಾಚ್ ಫೈಲ್ ಮುಟ್ಟಬೇಡಿ.

ಮೆಸೇಜ್ ಯಾವುದು ಬಂತು?

ಎಲ್ಲವೂ ‘ಪ್ಯಾಚ್ ಫೇಲ್ ಆಯ್ತು’ ಅಂತಲೇ ಕಾಣುತ್ತವೆ, ಆದರೆ ಒಳಗಿನ ಕಾರಣ ಬೇರೆ ಬೇರೆ.

‘ಮಿಸ್ಸಿಂಗ್ ಅಪ್‌ಸ್ಟ್ರೀಮ್-ಸ್ಟೇಟಸ್’ ಅಂದರೆ ಸಾಲೇ ಇಲ್ಲ. ‘ಮಾಲ್‌ಫಾರ್ಮ್ಡ್’ ಅಂದರೆ ಸಾಲು ಇದೆ, ಬರೆದ ರೀತಿ ತಪ್ಪು. ಇವೆರಡೂ ಪ್ಯಾಚ್-ಸ್ಟೇಟಸ್ ಎಂಬ ಕ್ಯೂಎ (ಗುಣಮಟ್ಟದ) ಚೆಕ್‌ನಿಂದ ಬರುತ್ತವೆ. ಕೋಡ್‌ಗೂ ಇದಕ್ಕೂ ಸಂಬಂಧ ಇಲ್ಲ. ಕೆಲವು ಕಡೆ ಇದು ಬರೀ ವಾರ್ನಿಂಗ್, ಕೆಲವು ಕಡೆ ಬಿಲ್ಡ್ ನಿಲ್ಲಿಸುವ ಎರರ್. ಅದು ನಿಮ್ಮ ಯೋಕ್ಟೋ ಆವೃತ್ತಿಯ ಮೇಲೆ ಮತ್ತು ಚೆಕ್‌ನ ಹೆಸರನ್ನು ವಾರ್ನ್-ಕ್ಯೂಎ ಪಟ್ಟಿಗೆ ಹಾಕಿದ್ದಾರಾ, ಎರರ್-ಕ್ಯೂಎ ಪಟ್ಟಿಗೆ ಹಾಕಿದ್ದಾರಾ ಎಂಬುದರ ಮೇಲೆ ನಿಂತಿದೆ. ‘ನಮ್ಮಲ್ಲಿ ಬರ್ತಿಲ್ಲ, ನಿಮ್ಮಲ್ಲಿ ಯಾಕೆ ಬರುತ್ತೆ?’ ಎಂಬ ಜಗಳಕ್ಕೆ ಸಾಮಾನ್ಯವಾಗಿ ಇದೇ ಕಾರಣ.

‘ರಿವರ್ಸ್ಡ್ ಆರ್ ಪ್ರೀವಿಯಸ್ಲಿ ಅಪ್ಲೈಡ್ ಪ್ಯಾಚ್ ಡಿಟೆಕ್ಟೆಡ್’ ಅಂತ ಬಂದರೆ ಖುಷಿ ಪಡಿ. ನಿಮ್ಮ ಬದಲಾವಣೆ ಹೊಸ ಆವೃತ್ತಿಯಲ್ಲಿ ಈಗಾಗಲೇ ಇರುವ ಸಾಧ್ಯತೆ ಜಾಸ್ತಿ.

‘ಹಂಕ್ ಫೇಲ್ಡ್’ (ಹಂಕ್ ಅಂದರೆ ಪ್ಯಾಚ್‌ನ ಒಂದು ತುಂಡು) ಬಂದರೆ ಸುತ್ತಲಿನ ಕೋಡ್ ಬದಲಾಗಿದೆ. ಬದಲಾವಣೆ ಮೂಲಕ್ಕೆ ಸೇರಿದೆಯೋ ಇಲ್ಲವೋ ಅನ್ನುವುದು ಇದರಿಂದ ತಿಳಿಯುವುದಿಲ್ಲ.

ಇನ್ನೊಂದು ಬಗೆ ಇದೆ, ಅದರಲ್ಲಿ ಮೆಸೇಜೇ ಇರುವುದಿಲ್ಲ. ಪ್ಯಾಚ್ ಸುಮ್ನೆ ಕೂತುಬಿಡುತ್ತದೆ, ತಪ್ಪು ಜಾಗದಲ್ಲಿ. ಇವೆಲ್ಲದರಲ್ಲಿ ಅಪಾಯ ಇರುವುದು ಅದರಲ್ಲೇ.

ಬರೆದಿದ್ದೀನಿ, ಆದರೂ ಚೆಕ್ ಒಪ್ಪುತ್ತಿಲ್ಲ

ಚೆಕ್ ತುಂಬಾ ಮಡಿ. ಸಾಲು ಶುರುವಿನಿಂದಲೇ ಬರಬೇಕು, ಮುಂದೆ ಸ್ಪೇಸ್ ಇರಬಾರದು. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಸರಿಯಾಗಿರಬೇಕು: ಎರಡನೇ ಪದ ‘ಸ್ಟೇಟಸ್’ ಸಣ್ಣ ಎಸ್‌ನಿಂದ ಶುರುವಾದರೂ ಮಾಲ್‌ಫಾರ್ಮ್ಡ್. ಕೋಲನ್ ಆದಮೇಲೆ ಒಂದೇ ಸ್ಪೇಸ್. ಆಮೇಲೆ ಈ ಆರರಲ್ಲಿ ಒಂದು (ಯಾವುದು ಯಾವಾಗ ಅನ್ನುವುದು ಕೊನೆಯ ಭಾಗದಲ್ಲಿದೆ): ಪೆಂಡಿಂಗ್, ಸಬ್ಮಿಟೆಡ್, ಬ್ಯಾಕ್‌ಪೋರ್ಟ್, ಡಿನೈಡ್, ಇನಪ್ರೋಪ್ರಿಯೇಟ್, ಇನಾಕ್ಟಿವ್-ಅಪ್‌ಸ್ಟ್ರೀಮ್. ಹಳೆಯ ಪ್ಯಾಚ್‌ಗಳಲ್ಲಿ ‘ಆಕ್ಸೆಪ್ಟೆಡ್’ ಅಂತ ಸಿಗುತ್ತದೆ. ಮೊದಲು ಅದೂ ನಡೆಯುತ್ತಿತ್ತು, ಈಗ ಪಟ್ಟಿಯಲ್ಲಿ ಇಲ್ಲ. ಅದನ್ನು ಬ್ಯಾಕ್‌ಪೋರ್ಟ್ ಅಂತ ಬದಲಿಸಿ, ಆದರೆ ನಿಜವಾಗಿ ಸೇರಿದೆಯಾ ಅಂತ ನೋಡಿಕೊಂಡು ಬದಲಿಸಿ.

ಕಣ್ಣಿಗೆ ಬೀಳದ ತಪ್ಪು ಒಂದಿದೆ. ‘ಬ್ಯಾಕ್‌ಪೋರ್ಟ್’ ಪದಕ್ಕೂ ಅದರ ಮುಂದಿನ ಚೌಕ ಬ್ರಾಕೆಟ್‌ಗೂ ನಡುವೆ ಸ್ಪೇಸ್ ಇರಲೇಬೇಕು. ಅಂಟಿಸಿ ಬರೆದರೆ ಚೆಕ್ ಒಪ್ಪುವುದಿಲ್ಲ.

ತಮಾಷೆ ಅಂದರೆ, ಇಷ್ಟು ಮಡಿ ಇರುವ ಚೆಕ್‌ಗೆ ಬ್ರಾಕೆಟ್ ಒಳಗೆ ಏನಿದೆ ಅನ್ನುವುದು ಬೇಕಾಗಿಯೇ ಇಲ್ಲ. ಬರೀ ‘ಸಬ್ಮಿಟೆಡ್’ ಅಂತ ಬರೆದು, ಎಲ್ಲಿಗೆ ಕಳಿಸಿದೆ ಅಂತ ಹೇಳದೆ ಬಿಟ್ಟರೂ ಪಾಸ್. ಅದಕ್ಕೇ ಚೆಕ್ ಹಸಿರು ತೋರಿಸಿದ ಮಾತ್ರಕ್ಕೆ ದಾಖಲೆ ಸರಿ ಇದೆ ಅಂತ ನಂಬಬೇಡಿ.

ಸಾಲು ಇತ್ತು, ಡೆವ್‌ಟೂಲ್ ಓಡಿಸಿದ ಮೇಲೆ ಮಾಯವಾಯಿತು

ಡೆವ್‌ಟೂಲ್ ಯೋಕ್ಟೋದ ಉಪಕರಣ, ಅದು ಪ್ಯಾಚ್‌ಗಳನ್ನು ಗಿಟ್‌ನಲ್ಲಿ ಕಮಿಟ್ ಮಾಡಿ (ಇತಿಹಾಸದಲ್ಲಿ ದಾಖಲಿಸಿ) ಅಲ್ಲಿಂದ ಮತ್ತೆ ತೆಗೆಯುತ್ತದೆ. ಸಾಲು ಮಾಯವಾಗಲು ಹೆಚ್ಚಿನ ಸಲ ಒಂದೇ ಕಾರಣ. ಗಿಟ್ ತೆಗೆದುಕೊಟ್ಟ ಪ್ಯಾಚ್‌ನಲ್ಲಿ ವಿವರಣೆ ಮುಗಿದ ಮೇಲೆ ಮೂರು ಅಡ್ಡಗೆರೆಯ ಸಾಲು ಬರುತ್ತದೆ. ಅದರ ಕೆಳಗೆ ಯಾವ ಫೈಲ್‌ನಲ್ಲಿ ಎಷ್ಟು ಸಾಲು ಬದಲಾಯಿತು ಎಂಬ ಲೆಕ್ಕ ಇರುತ್ತದೆ. ಸ್ಟೇಟಸ್ ಸಾಲನ್ನು ಆ ಗೆರೆಗಿಂತ ಕೆಳಗೆ ಬರೆದರೆ ಕ್ಯೂಎ ಚೆಕ್ ಒಪ್ಪುತ್ತದೆ, ಅದು ಇಡೀ ಫೈಲ್‌ನಲ್ಲಿ ಹುಡುಕುತ್ತದೆ. ಆದರೆ ಗಿಟ್ ಆ ಪ್ಯಾಚ್ ಅನ್ನು ಕಮಿಟ್ ಮಾಡಿಕೊಳ್ಳುವಾಗ ಗೆರೆಯ ಕೆಳಗಿನ ಮಾತನ್ನೆಲ್ಲ ಬಿಟ್ಟುಬಿಡುತ್ತದೆ. ಅದೇ ಕಮಿಟ್‌ನಿಂದ ಮತ್ತೆ ಪ್ಯಾಚ್ ತೆಗೆದಾಗ ಸಾಲು ಇರುವುದಿಲ್ಲ. ಸ್ಟೇಟಸ್ ಸಾಲನ್ನು ಗೆರೆಯ ಮೇಲೆ, ‘ಸೈನ್ಡ್-ಆಫ್-ಬೈ’ ಸಾಲಿನ ಹತ್ತಿರ ಇಡಿ.

ಸಾಲು ಹೇಳುವುದು ನಿಜವಾ?

ಅಸಲಿ ಕೆಲಸ ಇಲ್ಲಿದೆ. ಮೂಲ ಪ್ರಾಜೆಕ್ಟ್‌ನ ಗಿಟ್ ಅನ್ನು ಪೂರ್ತಿ ಕ್ಲೋನ್ ಮಾಡಿ. ಅರ್ಧಂಬರ್ಧ ಇತಿಹಾಸದ ಶ್ಯಾಲೋ ಕ್ಲೋನ್ ಬೇಡ. ಅದರಲ್ಲಿ ಹಳೆಯ ಕಮಿಟ್‌ಗಳು ಇರುವುದಿಲ್ಲ, ಹುಡುಕಿದರೆ ‘ಇಲ್ಲ’ ಅಂತ ಉತ್ತರ ಬರುತ್ತದೆ, ನೀವು ಅದನ್ನು ನಂಬಿಬಿಡುತ್ತೀರಿ.

ಮೊದಲು ಪ್ಯಾಚ್‌ನ ಮೊದಲ ಸಾಲು ನೋಡಿ. ‘ಫ್ರಮ್’ ಆದಮೇಲೆ ಉದ್ದದ ಹ್ಯಾಶ್ (ಕಮಿಟ್‌ನ ಗುರುತು) ಇರುತ್ತದೆ, ಅದರ ಮುಂದೆ 2001ರ ಸೆಪ್ಟೆಂಬರ್ 17, ಸೋಮವಾರ ಅಂತ ತಾರೀಖು. ಆ ತಾರೀಖನ್ನು ನೋಡಿ ‘ಅಬ್ಬಾ, ಇಷ್ಟು ಹಳೆಯದಾ’ ಅಂದುಕೊಳ್ಳಬೇಡಿ. ಗಿಟ್ ಎಲ್ಲಾ ಪ್ಯಾಚ್‌ಗಳಲ್ಲೂ ಅದೇ ತಾರೀಖು ಹಾಕುತ್ತದೆ. ಅದು ಫೈಲ್‌ನ ಗುರುತು, ಅಷ್ಟೇ. ನಿಜವಾದ ತಾರೀಖು ಕೆಳಗಿನ ‘ಡೇಟ್’ ಸಾಲಿನಲ್ಲಿ ಇದೆ.

ಆ ಹ್ಯಾಶ್ ಮೂಲ ಪ್ರಾಜೆಕ್ಟ್‌ನ ಕ್ಲೋನ್‌ನಲ್ಲಿ ಸಿಗುತ್ತದಾ? ಗಿಟ್ ಶೋ ಕೊಟ್ಟು ನೋಡಿ. ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಸಿಗದಿದ್ದರೆ ಅವಸರದ ತೀರ್ಮಾನ ಬೇಡ. ಯಾರೋ ತಮ್ಮ ಕಂಪ್ಯೂಟರ್‌ನಲ್ಲಿ ಕಮಿಟ್ ಮಾಡಿ ಅಲ್ಲಿಂದ ಪ್ಯಾಚ್ ತೆಗೆದಿದ್ದರೆ ಅದು ಅವರ ಕಂಪ್ಯೂಟರಿನ ಹ್ಯಾಶ್. ಬರೀ ಸೊನ್ನೆಗಳಿದ್ದರೆ ಬೇಕಂತಲೇ ಅಳಿಸಿದ್ದಾರೆ. ಮೆಸೇಜ್‌ನ ಒಳಗೆ ‘ಚೆರಿ ಪಿಕ್ಡ್ ಫ್ರಮ್ ಕಮಿಟ್’ (ಬೇರೆ ಕಡೆಯ ಕಮಿಟ್ ಎತ್ತಿ ತಂದದ್ದು) ಅಂತ ಇದೆಯಾ ನೋಡಿ, ಇದ್ದರೆ ಮೂಲ ಹ್ಯಾಶ್ ಅಲ್ಲೇ ಸಿಗುತ್ತದೆ.

ಹ್ಯಾಶ್ ಇಲ್ಲದಿದ್ದರೆ ಕೋಡ್‌ನಿಂದ ಹುಡುಕಿ. ಪ್ಯಾಚ್ ಸೇರಿಸುವ ಸಾಲುಗಳಲ್ಲಿ ಬೇರೆಲ್ಲೂ ಬರದಂಥ ಒಂದು ತುಣುಕು ಆರಿಸಿಕೊಳ್ಳಿ: ಹೊಸ ಫಂಕ್ಷನ್ ಹೆಸರು, ಎರರ್ ಮೆಸೇಜ್, ವಿಚಿತ್ರವಾದ ಒಂದು ಸಂಖ್ಯೆ. ಗಿಟ್ ಲಾಗ್‌ಗೆ ದೊಡ್ಡ ಎಸ್ ಆಯ್ಕೆಯ ಜೊತೆ ಅದನ್ನು ಕೊಡಿ. ಆ ತುಣುಕು ಬಂದ ಕಮಿಟ್, ಹೋದ ಕಮಿಟ್ ಎರಡನ್ನೂ ಅದು ತೋರಿಸುತ್ತದೆ. ಪ್ಯಾಚ್‌ನ ಶೀರ್ಷಿಕೆಯಿಂದ ಹುಡುಕುವುದೂ ಒಂದು ದಾರಿ, ಆದರೆ ಮೇಂಟೇನರ್‌ಗಳು ಶೀರ್ಷಿಕೆ ಬದಲಿಸುವುದು ಸಾಮಾನ್ಯ. ನನಗೆ ಕೋಡ್ ತುಣುಕಿನ ಮೇಲೇ ನಂಬಿಕೆ ಜಾಸ್ತಿ.

ಕಮಿಟ್ ಸಿಕ್ಕಿತು ಅನ್ನೋಣ. ಅದು ಯಾವ ರಿಲೀಸ್‌ನಲ್ಲಿದೆ? ಗಿಟ್ ಟ್ಯಾಗ್‌ಗೆ ‘ಕಂಟೇನ್ಸ್’ ಆಯ್ಕೆ ಕೊಟ್ಟರೆ ಪಟ್ಟಿ ಬರುತ್ತದೆ. ತುಂಬಾ ಜನ ಇಲ್ಲಿ ಎಡವುತ್ತಾರೆ. ಮುಖ್ಯ ಬ್ರಾಂಚ್‌ನ ಕಮಿಟ್ ಅನ್ನು ಸ್ಟೇಬಲ್ ಬ್ರಾಂಚ್‌ಗೆ ಚೆರಿ-ಪಿಕ್ ಮಾಡಿದಾಗ ಅದಕ್ಕೆ ಹೊಸ ಹ್ಯಾಶ್ ಬರುತ್ತದೆ. ನೀವು ಮುಖ್ಯ ಬ್ರಾಂಚ್‌ನ ಹ್ಯಾಶ್ ಹಿಡಿದು ಕೇಳಿದರೆ ಸ್ಟೇಬಲ್ ರಿಲೀಸ್‌ಗಳ ಹೆಸರು ಬರುವುದೇ ಇಲ್ಲ. ‘ನಮ್ಮ ರಿಲೀಸ್‌ನಲ್ಲಿ ಈ ಫಿಕ್ಸ್ ಇಲ್ಲ’ ಅಂತ ಪ್ಯಾಚ್ ಉಳಿಸಿಕೊಳ್ಳುತ್ತೀರಿ. ಆದ್ದರಿಂದ ನೀವು ಏರಿಸುತ್ತಿರುವ ಟ್ಯಾಗ್ ಮೇಲೆ ನಿಂತು ಕೋಡ್ ತುಣುಕಿನ ಹುಡುಕಾಟವನ್ನೇ ಇನ್ನೊಮ್ಮೆ ಮಾಡಿ.

ಸೇರಿದ್ದು ಆಮೇಲೆ ಹೊರಗೆ ಹೋಗಿರಲೂಬಹುದು. ಲಾಗ್‌ನಲ್ಲಿ ‘ದಿಸ್ ರಿವರ್ಟ್ಸ್ ಕಮಿಟ್’ ಮತ್ತು ಆ ಹ್ಯಾಶ್ ಹುಡುಕಿ. ರಿವರ್ಟ್ ಆಗಿದ್ದರೆ ಕಾರಣ ಓದಿ. ನಿಮ್ಮ ಪ್ಯಾಚ್‌ನಿಂದ ಇನ್ನೊಂದು ಕಡೆ ಏನೋ ಮುರಿದಿದೆ ಅಂತ ಅಪ್‌ಸ್ಟ್ರೀಮ್‌ನವರು ಕಂಡುಕೊಂಡಿರಬಹುದು. ಅದು ನಿಮ್ಮ ಪ್ರಾಡಕ್ಟ್‌ನಲ್ಲಿ ಈಗಲೂ ಮುರಿದೇ ಇರಬಹುದು!

ಕೊನೆಯ ಪರೀಕ್ಷೆ ಸುಲಭ. ಹೊಸ ಆವೃತ್ತಿಯ ಕೋಡ್ ಮೇಲೆ ಪ್ಯಾಚ್ ಅನ್ನು ಉಲ್ಟಾ ಹಾಕಲು ಆಗುತ್ತದಾ ನೋಡಿ. ಗಿಟ್ ಅಪ್ಲೈಗೆ ರಿವರ್ಸ್ ಮತ್ತು ಚೆಕ್ ಆಯ್ಕೆಗಳನ್ನು ಒಟ್ಟಿಗೆ ಕೊಡಿ, ಫೈಲ್ ಬದಲಾಗುವುದಿಲ್ಲ. ತೊಂದರೆ ಇಲ್ಲದೆ ಉಲ್ಟಾ ಹೋಗುತ್ತದೆ ಅಂದರೆ ಬದಲಾವಣೆ ಒಳಗೆ ಇದೆ, ಪ್ಯಾಚ್ ತೆಗೆಯಬಹುದು. ಹೋಗದಿದ್ದರೆ ಏನೂ ಸಾಬೀತಾಗಲಿಲ್ಲ. ಮೂಲದವರು ಅದೇ ದೋಷವನ್ನು ಬೇರೆ ರೀತಿ ಸರಿ ಮಾಡಿರಬಹುದು. ಆಗ ಡಿಫ್ ಪಕ್ಕ ಪಕ್ಕ ಇಟ್ಟು ಓದುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಕೊಟ್ಟ ಲಿಂಕ್ ಸತ್ತಿದ್ದರೆ? ಸರ್ವೇಸಾಮಾನ್ಯ. ಮೇಲಿಂಗ್ ಲಿಸ್ಟ್‌ಗಳ ಆರ್ಕೈವ್ ಆಗಿದ್ದ ಜಿಮೇನ್‌ನ ವೆಬ್ ಪುಟಗಳು 2016ರಲ್ಲಿ ನಿಂತವು, ಅಲ್ಲಿಗೆ ಕೈ ತೋರಿಸುತ್ತಿದ್ದ ಲಿಂಕ್‌ಗಳೂ ಹೋದವು. ಗ್ನೋಮ್ ಡೆಸ್ಕ್‌ಟಾಪ್ ಪ್ರಾಜೆಕ್ಟ್ 2018ರಲ್ಲಿ ಗಿಟ್‌ಲ್ಯಾಬ್‌ಗೆ ಹೋಯಿತು, ಬಗ್ ದಾಖಲಿಸುತ್ತಿದ್ದ ಹಳೆಯ ಬಗ್‌ಝಿಲ್ಲಾ ನಂಬರ್‌ಗೂ ಹೊಸ ಇಶ್ಯೂ ನಂಬರ್‌ಗೂ ತಾಳೆ ಇಲ್ಲ. ಮೇಲಿಂಗ್ ಲಿಸ್ಟ್‌ಗೆ ಕಳಿಸಿದ್ದರೆ ಲಿಂಕ್ ಜೊತೆ ಮೆಸೇಜ್-ಐಡಿ ಕೂಡ ಬರೆದಿಡಿ. ಪತ್ರ ಯಾವ ಆರ್ಕೈವ್‌ಗೆ ಹೋದರೂ ಐಡಿ ಬದಲಾಗುವುದಿಲ್ಲ.

ಸದ್ದಿಲ್ಲದೆ ಎರಡು ಸಲ ಕೂತ ಪ್ಯಾಚ್

ಪ್ಯಾಚ್ ಎಂಬ ಹಳೆಯ ಗ್ನೂ ಉಪಕರಣ ಸುತ್ತಲಿನ ಸಾಲುಗಳನ್ನು ನೋಡಿ ಜಾಗ ಹುಡುಕುತ್ತದೆ. ಸಾಮಾನ್ಯವಾಗಿ ಮೇಲೆ 3 ಸಾಲು, ಕೆಳಗೆ 3 ಸಾಲು. ಪೂರ್ತಿ ಹೊಂದದಿದ್ದರೆ ಅಂಚಿನ 2 ಸಾಲುಗಳವರೆಗೆ ಬಿಟ್ಟುಕೊಟ್ಟು ನೋಡುತ್ತದೆ. ಇದಕ್ಕೆ ಫಜ್ ಅನ್ನುತ್ತಾರೆ. ಬದಲಾವಣೆ ಮೂಲದಲ್ಲಿ ಈಗಾಗಲೇ ಸ್ವಲ್ಪ ಬೇರೆ ರೂಪದಲ್ಲಿ ಸೇರಿದ್ದು, ಪಕ್ಕದಲ್ಲೇ ಅಂಥದೇ ಮುಚ್ಚುವ ಬ್ರಾಕೆಟ್‌ಗಳು ಇದ್ದರೆ ಪ್ಯಾಚ್ ಅಲ್ಲಿ ಹೋಗಿ ಕೂರುತ್ತದೆ. ಒಂದೇ ಚೆಕ್ ಎರಡು ಸಲ, ಕೆಲವೊಮ್ಮೆ ಒಂದೇ ಮೆಮೊರಿಗೆ ಫ್ರೀ ಎರಡು ಸಲ. ಕಂಪೈಲ್ ಆಗುತ್ತದೆ. ಬೂಟ್ ಕೂಡ ಆಗುತ್ತದೆ. ಕ್ರ್ಯಾಶ್ ಆಗುವುದು ಗ್ರಾಹಕರ ಮನೆಯಲ್ಲಿ.

ಲಾಗ್‌ನಲ್ಲಿ ‘ವಿತ್ ಫಜ್ 2’ ಅಂತ ಕಂಡರೆ ಆ ಪ್ಯಾಚ್‌ನ ಸ್ಟೇಟಸ್ ಸಾಲನ್ನು ಅದೇ ದಿನ ಪರೀಕ್ಷೆ ಮಾಡಿ. ಯೋಕ್ಟೋದಲ್ಲಿ ಪ್ಯಾಚ್-ಫಜ್ ಎಂಬ ಬೇರೆ ಚೆಕ್ ಇದೆ, ಅದನ್ನು ಆಫ್ ಮಾಡಬೇಡಿ. ಡೆಬಿಯನ್‌ನ ‘3.0 ಕ್ವಿಲ್ಟ್’ ಎಂಬ ಸೋರ್ಸ್ ಪ್ಯಾಕೇಜ್ ಮಾದರಿಯಲ್ಲಿ ಫಜ್‌ಗೆ ಜಾಗವೇ ಇಲ್ಲ, ಫೆಡೋರಾದಲ್ಲೂ ಡೀಫಾಲ್ಟ್ ಸೊನ್ನೆ. ಅದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ‘ಆಫ್‌ಸೆಟ್’ ಅಂತ ಮಾತ್ರ ಬಂದರೆ ಇಷ್ಟು ಗಾಬರಿ ಬೇಕಿಲ್ಲ, ಜಾಗ ಮೇಲೆ ಕೆಳಗೆ ಸರಿದಿದೆ ಅಷ್ಟೇ.

ಡೆಬಿಯನ್‌ನ ‘ಫಾರ್ವರ್ಡೆಡ್’ ಗುಂಡಿ

ಡೆಬಿಯನ್‌ನಲ್ಲಿ ಡೆಪ್-3 ಎಂಬ ಒಪ್ಪಂದದ ಪ್ರಕಾರ ಪ್ಯಾಚ್‌ನ ಮೇಲೆ ಒರಿಜಿನ್, ಬಗ್, ಫಾರ್ವರ್ಡೆಡ್, ಅಪ್ಲೈಡ್-ಅಪ್‌ಸ್ಟ್ರೀಮ್, ಲಾಸ್ಟ್-ಅಪ್‌ಡೇಟ್ ಮುಂತಾದ ಸಾಲುಗಳು ಬರುತ್ತವೆ. ಫಾರ್ವರ್ಡೆಡ್ ಸಾಲಿಗೆ ವಿಶೇಷ ಬೆಲೆ ಇರುವ ಪದ ಎರಡೇ: ‘ನೋ’ ಮತ್ತು ‘ನಾಟ್-ನೀಡೆಡ್’. ಬೇರೆ ಏನೇ ಬರೆದರೂ ‘ಕಳಿಸಿದ್ದಾಗಿದೆ’ ಅಂತಲೇ ಅರ್ಥ. ಒಳ್ಳೆಯ ಮನಸ್ಸಿನಿಂದ ‘ನಾಟ್ ಯೆಟ್’ ಅಂತ ಬರೆದರೂ ಅದು ಕಳಿಸಿದ ಲೆಕ್ಕಕ್ಕೇ ಹೋಗುತ್ತದೆ! ಸಾಲೇ ಇಲ್ಲದಿದ್ದರೆ, ಬಗ್ ಸಾಲು ಇದ್ದರೆ ಹೌದು, ಅದೂ ಇಲ್ಲದಿದ್ದರೆ ಇಲ್ಲ. ಹಾಗಾಗಿ ‘ಎಲ್ಲಾ ಪ್ಯಾಚ್ ಕಳಿಸಿ ಆಗಿದೆ’ ಅಂತ ಪಟ್ಟಿ ತೋರಿಸಿದರೆ ಯುಆರ್‌ಎಲ್ ಇಲ್ಲದ ಸಾಲುಗಳನ್ನು ಕೈಯಾರೆ ತೆರೆದು ನೋಡಿ.

ಕಳಿಸುವುದು, ಕೇಳುವುದು ಬೇರೆ ಬೇರೆ ಅನ್ನುವುದಕ್ಕೆ ಡೆಬಿಯನ್‌ನಲ್ಲೇ ದೊಡ್ಡ ಉದಾಹರಣೆ ಇದೆ. 2006ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಕ್ರಿಪ್ಟೋ ಪ್ಯಾಕೇಜ್‌ನ ರ‍್ಯಾಂಡಮ್ ಸಂಖ್ಯೆಯ ಕೋಡ್‌ನಲ್ಲಿ ಎರಡು ಸಾಲು ತೆಗೆದರು. ಮೆಮೊರಿ ತಪ್ಪು ಹುಡುಕುವ ವ್ಯಾಲ್‌ಗ್ರಿಂಡ್ ಆ ಸಾಲುಗಳ ಬಗ್ಗೆ ಎಚ್ಚರಿಕೆ ಕೊಡುತ್ತಿತ್ತು. ಅಪ್‌ಸ್ಟ್ರೀಮ್‌ನ ಲಿಸ್ಟ್‌ನಲ್ಲಿ ಪ್ರಶ್ನೆ ಕೇಳಿದ್ದರು, ಡೀಬಗ್ ಮಾಡಲು ನೆರವಾಗುವುದಾದರೆ ತೆಗೆಯಬಹುದು ಎಂಬ ಧಾಟಿಯ ಉತ್ತರವೂ ಬಂದಿತ್ತು. ಆದರೆ ಆ ಬದಲಾವಣೆ ಮೂಲ ಕೋಡ್‌ಗೆ ಸೇರಲಿಲ್ಲ, ಡೆಬಿಯನ್ ಮತ್ತು ಅದರ ಮೇಲೆ ನಿಂತ ಉಬುಂಟುನಂಥ ಡಿಸ್ಟ್ರೋಗಳಲ್ಲಿ ಉಳಿಯಿತು. ಅದರಿಂದ ಕೀ ತಯಾರಿಸುವಾಗ ಯಾದೃಚ್ಛಿಕತೆ ಅಂತ ಉಳಿದದ್ದು ಪ್ರೋಸೆಸ್ ಐಡಿ ಮಾತ್ರ, ಅಂದರೆ 32,768 ಸಾಧ್ಯತೆ. ಹೊರಗೆ ಬಂದದ್ದು 2008ರ ಮೇ ತಿಂಗಳಲ್ಲಿ, ಸಿವಿಇ-2008-0166 ಎಂಬ ಗುರುತಿನಲ್ಲಿ (ಸಿವಿಇ ಅಂದರೆ ಭದ್ರತಾ ದೋಷಕ್ಕೆ ಕೊಡುವ ನಂಬರ್). ಡೆಪ್-3 ಶುರುವಾದದ್ದು ಅದರ ಮರುವರ್ಷ. ಸಾಲು ಇದ್ದಿದ್ದರೆ ತಪ್ಪು ತಪ್ಪುತ್ತಿತ್ತು ಅಂತ ನಾನು ಹೇಳಲಾರೆ. ಆದರೆ ಇಂಥ ಪ್ಯಾಚ್‌ಗೆ ‘ಲಿಸ್ಟ್‌ನಲ್ಲಿ ಕೇಳಿದೆ, ಕೋಡ್ ಕಳಿಸಿಲ್ಲ’ ಅಂತ ಬರೆಯುವುದಕ್ಕೂ ‘ಅಪ್‌ಸ್ಟ್ರೀಮ್ ಒಪ್ಪಿದೆ’ ಅಂತ ಬರೆಯುವುದಕ್ಕೂ ಎಷ್ಟು ದೂರ ಅಂತ ನೋಡಿ.

ಸಿವಿಇ ವರದಿ ಹಸಿರು, ಆದರೆ ತೂತು ಹಾಗೇ ಇದೆ

ಯೋಕ್ಟೋದ ಸಿವಿಇ-ಚೆಕ್ ಪ್ಯಾಚ್‌ನ ಒಳಗಿನ ‘ಸಿವಿಇ:’ ಸಾಲನ್ನೋ ಫೈಲ್ ಹೆಸರಿನಲ್ಲಿರುವ ಸಿವಿಇ ನಂಬರನ್ನೋ ನೋಡಿ ‘ಪ್ಯಾಚ್ಡ್’ ಅಂತ ಗುರುತು ಹಾಕುತ್ತದೆ. ಕೋಡ್ ಓದುವುದಿಲ್ಲ. ಒಂದು ದೋಷಕ್ಕೆ ಮೂಲದವರು ನಾಲ್ಕು ಕಮಿಟ್ ಹಾಕಿದ್ದು, ನೀವು ಒಂದನ್ನು ಮಾತ್ರ ತಂದರೂ ವರದಿ ಹಸಿರು. ಬ್ಯಾಕ್‌ಪೋರ್ಟ್ ಅಂತ ಬರೆಯುವಾಗ ಮೂಲ ಕಮಿಟ್‌ನ ಪೂರ್ತಿ ಲಿಂಕ್ ಕೊಡಿ, ಆಮೇಲೆ ಬಂದ ತಿದ್ದುಪಡಿ ಕಮಿಟ್‌ಗಳು ಇವೆಯಾ ಅಂತ ‘ಫಿಕ್ಸಸ್’ ಸಾಲುಗಳಲ್ಲಿ ಹುಡುಕಿ. ಮೂಲದ ಕೋಡ್ ಹಳೆಯ ಆವೃತ್ತಿಗೆ ಹೊಂದದೆ ಕೈಯಿಂದ ತಿದ್ದಿದ್ದರೆ ಏನು ತಿದ್ದಿದಿರಿ ಅಂತ ಎರಡು ಸಾಲು ಬರೆಯಿರಿ. ಮುಂದಿನವರು ಮೂಲ ಕಮಿಟ್ ಜೊತೆ ಹೋಲಿಸಿ ‘ಇದು ಬೇರೆ ಇದೆಯಲ್ಲ’ ಅಂತ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಪತ್ತೆಯಾದ ಮೇಲೆ ಏನು ಬರೆಯುವುದು

ಬದಲಾವಣೆ ಹೊಸ ಆವೃತ್ತಿಯಲ್ಲೇ ಇದ್ದರೆ ಪ್ಯಾಚ್ ಅಳಿಸಿ, ಕೋಡ್ ಮತ್ತು ಪ್ಯಾಚ್‌ಗಳ ಹೆಸರಿರುವ ರೆಸಿಪಿಯ ಎಸ್‌ಆರ್‌ಸಿ-ಯುಆರ್‌ಐ ಪಟ್ಟಿಯಿಂದಲೂ ತೆಗೆಯಿರಿ, ಅಳಿಸಿದ ಕಮಿಟ್‌ನಲ್ಲಿ ಯಾವ ರಿಲೀಸ್‌ನಲ್ಲಿ ಸೇರಿದೆ ಅಂತ ಹೇಳಿ. ಮುಖ್ಯ ಬ್ರಾಂಚ್‌ನಲ್ಲಿದ್ದು ನಿಮ್ಮ ಆವೃತ್ತಿಯಲ್ಲಿ ಇಲ್ಲದಿದ್ದರೆ ಬ್ಯಾಕ್‌ಪೋರ್ಟ್ ಮತ್ತು ಕಮಿಟ್ ಲಿಂಕ್. ಕಳಿಸಿದ್ದು ಇನ್ನೂ ತೀರ್ಮಾನವಾಗದಿದ್ದರೆ ಸಬ್ಮಿಟೆಡ್, ಎಲ್ಲಿಗೆ ಅಂತ. ಬೇಡ ಅಂದಿದ್ದರೆ ಡಿನೈಡ್. ಇದನ್ನು ಬರೆಯಲು ಜನ ನಾಚುತ್ತಾರೆ, ಯಾಕೋ ಗೊತ್ತಿಲ್ಲ. ಯಾಕೆ ಬೇಡ ಅಂದರು, ಆದರೂ ನಮಗೆ ಯಾಕೆ ಬೇಕು ಅಂತ ಬರೆದರೆ ಅದಕ್ಕಿಂತ ಉಪಯೋಗದ ಸಾಲು ಇನ್ನೊಂದಿಲ್ಲ. ಮೂಲ ಪ್ರಾಜೆಕ್ಟ್ ನಿಂತೇ ಹೋಗಿದ್ದರೆ ಇನಾಕ್ಟಿವ್-ಅಪ್‌ಸ್ಟ್ರೀಮ್, ಜೊತೆಗೆ ಕೊನೆಯ ಕಮಿಟ್ ಅಥವಾ ರಿಲೀಸ್ ಯಾವಾಗ ಅಂತ.

ಇನಪ್ರೋಪ್ರಿಯೇಟ್ ಬಗ್ಗೆ ಹುಷಾರು. ಕ್ರಾಸ್-ಕಂಪೈಲ್ ಪಾತ್, ಓಪನ್‌ಎಂಬೆಡೆಡ್‌ಗೆ ಮಾತ್ರ ಬೇಕಾದ ಹೊಂದಾಣಿಕೆ ಇಂಥವಕ್ಕೆ ಅದು ಸರಿ. ‘ಕಳಿಸಲು ಟೈಮ್ ಇಲ್ಲ’ ಅನ್ನುವುದಕ್ಕೆ ಅಲ್ಲ. ಟೈಮ್ ಇಲ್ಲದಿದ್ದರೆ ಪ್ರಾಮಾಣಿಕವಾಗಿ ಪೆಂಡಿಂಗ್ ಅಂತ ಬರೆಯಿರಿ. ಬ್ರಾಕೆಟ್‌ನಲ್ಲಿ ಕೊನೆಯ ಸಲ ನೋಡಿದ ತಾರೀಖು ಸೇರಿಸಿದರೆ ಇನ್ನೂ ಒಳ್ಳೆಯದು. ನಿಯಮ ಕೇಳುವುದಿಲ್ಲ, ಆದರೆ ಚೆಕ್ ಬೇಡ ಅನ್ನುವುದೂ ಇಲ್ಲ.

ಬೆಂಗಳೂರಿನ ಎಂಬೆಡೆಡ್ ಕೆಲಸದಲ್ಲಿ ಇರುವವರಿಗೆ ಇನ್ನೊಂದು ಪರಿಸ್ಥಿತಿ ಚೆನ್ನಾಗಿ ಗೊತ್ತು. ಚಿಪ್ ಮಾರುವವರು ಕೊಟ್ಟ ಬಿಎಸ್‌ಪಿ ಲೇಯರ್‌ನಲ್ಲಿ (ಅವರ ಬೋರ್ಡ್‌ಗೆ ಬೇಕಾದ ರೆಸಿಪಿಗಳ ಗುಂಪು) ಸ್ಟೇಟಸ್ ಇಲ್ಲದ ಪ್ಯಾಚ್‌ಗಳು ರಾಶಿ ಇರುತ್ತವೆ. ಹೊಸ ಯೋಕ್ಟೋಗೆ ಹೋದ ದಿನ ಎಲ್ಲವೂ ಒಟ್ಟಿಗೆ ಕೂಗುತ್ತವೆ. ಆಗ ಕೈ ಹೋಗುವುದು ಎರಡು ಕಡೆ: ಚೆಕ್ ಅನ್ನೇ ಪಟ್ಟಿಯಿಂದ ತೆಗೆಯುವುದು, ಇಲ್ಲವೇ ಒಂದು ಸ್ಕ್ರಿಪ್ಟ್ ಬರೆದು ಎಲ್ಲದಕ್ಕೂ ಪೆಂಡಿಂಗ್ ಮೆತ್ತುವುದು. ಎರಡರಲ್ಲಿ ಮೊದಲನೆಯದೇ ವಾಸಿ. ಚೆಕ್ ಆಫ್ ಆಗಿದ್ದರೆ ಸಾಲು ಇಲ್ಲ ಅನ್ನುವುದಾದರೂ ಕಾಣುತ್ತದೆ. ಸ್ಕ್ರಿಪ್ಟ್ ಮೆತ್ತಿದ ಪೆಂಡಿಂಗ್‌ಗೂ ಯಾರೋ ನೋಡಿ ಬರೆದ ಪೆಂಡಿಂಗ್‌ಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ರಾಶಿ ದೊಡ್ಡದಿದ್ದರೆ ಓಪನ್‌ಎಂಬೆಡೆಡ್-ಕೋರ್‌ನ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿ, ಕಾಂಟ್ರಿಬ್ ಒಳಗೆ, ಪ್ಯಾಚ್‌ರಿವ್ಯೂ ಎಂಬ ಪೈಥಾನ್ ಸ್ಕ್ರಿಪ್ಟ್ ಇದೆ. ಅದನ್ನು ಲೇಯರ್ ಮೇಲೆ ಓಡಿಸಿದರೆ ಸ್ಟೇಟಸ್ ಇಲ್ಲದವು ಎಷ್ಟು, ತಪ್ಪಾಗಿ ಬರೆದವು ಎಷ್ಟು, ಪೆಂಡಿಂಗ್ ಎಷ್ಟು ಅಂತ ಲೆಕ್ಕ ಕೊಡುತ್ತದೆ. ನೆಟ್‌ವರ್ಕ್ ಮತ್ತು ಕ್ರಿಪ್ಟೋ ಪ್ಯಾಕೇಜ್‌ಗಳಿಂದ ಶುರು ಮಾಡಿ, ಆಮೇಲೆ ಫಜ್ ಬಂದವು, ಆಮೇಲೆ ಉಳಿದವು. ಬಿಲ್ಡ್ ಫೈಲ್‌ಗಳನ್ನು ಮಾತ್ರ ಮುಟ್ಟುವ ಪ್ಯಾಚ್‌ಗಳು ಕೊನೆಗೆ ಬಂದರೂ ನಡೆಯುತ್ತದೆ.